ಬಕೆಟ್ಟು ಹಿಡಿದು ಓಡಿದ ಬೀದಿ

ಗಿರಣಿಯಕ್ಕನಿಗೆ ಹೇಸಿಗೆ ಜಾಸ್ತಿ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಅದು ಸುಳ್ಳೂ ಅಲ್ಲ. ಕಾಳಿನ ಡಬ್ಬದಲ್ಲಿ ಒಂದು ಕೂದಲೆಳೆ ಕಂಡರೆ ಇಡೀ ಡಬ್ಬವನ್ನೇ ವಾಪಸು ಕಳಿಸುತ್ತಿದ್ದಳು. ಹುಳ ಹಿಡಿದ ಗೋಧಿ ತಂದವರನ್ನು, "ಇದನ್ನ ನೀವೇ ತಿಂತೀರಾ, ಇಲ್ಲ ನೆಂಟರು ಬರ್ತಿದಾರಾ?" ಎಂದು ಎಲ್ಲರ ಎದುರೇ ಕೇಳುತ್ತಿದ್ದಳು. ಯಾರಾದರೂ ಗಿರಣಿಯ ಬಾಗಿಲಲ್ಲಿ ಉಗುಳಿದರೆ ಅವರ ಕೈಗೇ ನೀರು ಕೊಟ್ಟು ತೊಳೆಸುತ್ತಿದ್ದಳು. ಕೂದಲು, ಹುಬ್ಬು, ರೆಪ್ಪೆಯ ಮೇಲೆಲ್ಲ ಸದಾ ಹಿಟ್ಟು ಕೂತು, ದೂರದಿಂದ ನೋಡಿದವರಿಗೆ ಮುದುಕಿಯಂತೆ ಕಾಣುತ್ತಿದ್ದಳು. ಮುಖ ತೊಳೆದರೆ ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಗಿರಣಿ ಮಾವನ ಕಾಲದ್ದು. ಮಾವ ಹೋದ ಮೇಲೆ ಮೋಟಾರು, ಬೆಲ್ಟುಗಳನ್ನು ಗಂಡ ನೋಡಿಕೊಂಡ. ಗಿರಾಕಿಗಳನ್ನು ನೋಡಿಕೊಳ್ಳುವಷ್ಟು ಬಾಯಿ ಅವನಿಗೆ ಇರಲಿಲ್ಲವಾದ್ದರಿಂದ ಆ ಕೆಲಸ ಇವಳ ಪಾಲಿಗೆ ಬಂತು.

ಗಿರಣಿ ಇದ್ದ ಜಾಗ ಮಾತ್ರ ಒಳ್ಳೆಯದಲ್ಲ. ಗುಡ್ಡದ ಮೇಲಿಂದ ಹೆದ್ದಾರಿ ಉದ್ದಕ್ಕೆ ಇಳಿದು ಬಂದು, ಊರು ಮುಟ್ಟುವ ಹೊತ್ತಿಗೆ ಸರಕ್ಕನೆ ಎಡಕ್ಕೆ ತಿರುಗುತ್ತದೆ. ತಿರುಗದೆ ನೇರ ಬಂದರೆ ಒಂದು ಹಳ್ಳ, ಹಳ್ಳದಾಚೆ ಒಂದಿಷ್ಟು ಖಾಲಿ ಜಾಗ, ಅದರ ಅಂಚಿಗೆ ಗಿರಣಿ, ಗಿರಣಿಗೆ ಅಂಟಿಕೊಂಡ ಮನೆ, ಆಮೇಲೆ ಬೀದಿ. ಡೀಸೆಲ್ ಉಳಿಸೋಣ ಎಂದು ಲಾರಿಯವರು ಗುಡ್ಡದ ತುದಿಯಲ್ಲಿ ಗೇರು ತೆಗೆದು, ಗಾಡಿಯನ್ನು ಅದರ ಪಾಡಿಗೆ ಉರುಳಲು ಬಿಟ್ಟು, ಬರೀ ಬ್ರೇಕಿನ ಮೇಲೆ ಇಳಿಸುತ್ತಿದ್ದರು. ಮೇಲೆ ಹೊರಲಾರದಷ್ಟು ಹೊರೆ ಬೇರೆ. ಅರ್ಧ ಇಳಿಯುವಷ್ಟರಲ್ಲಿ ಬ್ರೇಕು ಕಾದು ಕೆಂಡವಾಗಿ, ಕೆಳಗೆ ಬರುವ ಹೊತ್ತಿಗೆ ತುಳಿದರೂ ಒಂದೇ, ಬಿಟ್ಟರೂ ಒಂದೇ. ತಿರುವಿನಲ್ಲಿ ಗಾಡಿ ತಿರುಗುತ್ತಿರಲಿಲ್ಲ. ನೇರ ಬಂದು ಹಳ್ಳದಲ್ಲಿ ಮಗ್ಗುಲಾಗುತ್ತಿತ್ತು.

ಗಾಳಿ ಗುಡ್ಡದ ಕಡೆಯಿಂದ ಬೀಸುತ್ತಿದ್ದರೆ ಬ್ರೇಕು ಸುಟ್ಟ ವಾಸನೆ ಗಾಡಿಗಿಂತ ಮುಂಚೆಯೇ ಬೀದಿಗೆ ಬರುತ್ತಿತ್ತು. ಇಂಥ ವಾಸನೆ ಬಂದರೆ ಬೇರೆ ಕಡೆಯ ಜನ ಏನು ಮಾಡುತ್ತಾರೋ ಗೊತ್ತಿಲ್ಲ. ಈ ಬೀದಿಯವರು ಬಕೆಟ್ಟು ಹುಡುಕುತ್ತಿದ್ದರು.

ಅಡುಗೆ ಎಣ್ಣೆಯ ಟ್ಯಾಂಕರ್ ಬಿದ್ದಾಗ ಜನ ಕೊಡ, ಡ್ರಮ್ಮು, ಕೊನೆಗೆ ಮಕ್ಕಳ ಸ್ನಾನದ ತೊಟ್ಟಿಯನ್ನೂ ಹೊತ್ತು ಓಡಿದ್ದರು. ಸೋಪಿನ ಲಾರಿ ಬಿದ್ದಾಗ ಬೀದಿಯೆಲ್ಲ ಒಂದು ವರ್ಷ ಒಂದೇ ವಾಸನೆ. ಈರುಳ್ಳಿ, ಸಕ್ಕರೆ, ಚಪ್ಪಲಿ, ಹೀಗೆ ಏನೇನೋ ಬಿದ್ದಿತ್ತು. ಒಮ್ಮೆ ಎಡಗಾಲಿನ ಚಪ್ಪಲಿಗಳದ್ದೇ ಲೋಡು ಬಿದ್ದು, ಅದನ್ನೂ ಬಿಡದೆ ಹೊತ್ತುಕೊಂಡು ಹೋಗಿದ್ದರು. ಗಾಡಿ ಬಿದ್ದ ಮೇಲೆ ಎಲ್ಲರಿಗಿಂತ ಮುಂಚೆ ಹಳ್ಳದಲ್ಲಿ ಇರುತ್ತಿದ್ದವನು ಗಿರಣಿಯಕ್ಕನ ಮೈದುನ. ಅದಕ್ಕೇ ಅವನಿಗೆ ಮೊದಲಿಗ ಎಂದು ಹೆಸರು ಬಿದ್ದಿತ್ತು. ಅಂಗಡಿಗಳಲ್ಲಿ ಮೂಟೆ ಇಳಿಸುವ ಕೆಲಸ ಅವನದು. ಆ ಕೆಲಸಕ್ಕೆ ಬಾರದ ಚುರುಕು ಹಳ್ಳದ ಕೆಲಸಕ್ಕೆ ಎಲ್ಲಿಂದ ಬರುತ್ತಿತ್ತೋ. ಅತ್ತೆಯಂತೂ ಮಗ ತಂದದ್ದನ್ನು ಮಂಚದ ಕೆಳಗೆ ಜೋಡಿಸಿಡುತ್ತಾ, "ಯಾರದೋ ಹಾಳಾಗಿ ಹೋಗೋದನ್ನ ತಂದ್ರೆ ತಪ್ಪೇನು?" ಎನ್ನುತ್ತಿದ್ದಳು. ಗಿರಣಿಯಕ್ಕ ಮೂಗು ಮುರಿಯುತ್ತಿದ್ದಳೇ ಹೊರತು ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಆ ಸೋಪಿನಲ್ಲಿ ಅವಳೂ ಬಟ್ಟೆ ಒಗೆದಿದ್ದಳು.

ಹೀಗಿರುವಾಗ ಗೋಧಿ ಲಾರಿ ಬಿತ್ತು.

ಮಧ್ಯಾಹ್ನದ ಹೊತ್ತು. ಕರೆಂಟು ಹೋಗಿ ಗಿರಣಿ ನಿಂತಿತ್ತು. ಹಾಗಾಗಿ ಅವಳು ಮೊದಲ ಸಲ ಎಲ್ಲವನ್ನೂ ಕಣ್ಣಾರೆ ಕಂಡಳು. ಲಾರಿ ಹಳ್ಳಕ್ಕೆ ಬಿದ್ದು, ಮೂಟೆಗಳು ಒಡೆದು, ಗೋಧಿ ನೀರಿನಂತೆ ಹರಿಯಿತು. ಮುಂಭಾಗ ನಜ್ಜುಗುಜ್ಜಾಗಿ, ಅದರೊಳಗೆ ಡ್ರೈವರು ಸೊಂಟದವರೆಗೆ ಸಿಕ್ಕಿಕೊಂಡಿದ್ದ. ಅವಳು ಇಳಿದು ಹೋಗಿ ಬಾಗಿಲು ಎಳೆದಳು. ಬರಲಿಲ್ಲ. ಗಂಡ ಬಂದು ಕೈಹಾಕಿದ. ಆಗಲೂ ಬರಲಿಲ್ಲ. ಸುತ್ತ ನೋಡಿದರೆ ಇಡೀ ಬೀದಿ ಅಲ್ಲಿದೆ, ಎಲ್ಲರೂ ಬಗ್ಗಿದ್ದಾರೆ, ಎಲ್ಲರ ಬೆನ್ನೂ ಇವಳ ಕಡೆಗಿದೆ. ಮೈದುನ ಭುಜದ ಮೇಲೊಂದು ಮೂಟೆ ಇಟ್ಟುಕೊಂಡು ಪಕ್ಕದಲ್ಲೇ ಹಾದುಹೋದ.

"ಏಯ್, ಒಂದು ಹಾರೆ ತಗೊಂಡು ಬಾರೋ. ಮನುಷ್ಯ ಜೀವಂತ ಇದಾನೆ," ಎಂದಳು.

"ಬಂದೆ ಅತ್ತಿಗೆ. ಇದೊಂದು ಇಟ್ಟು ಬಂದ್ಬಿಡ್ತೀನಿ," ಎಂದ.

ಅದೊಂದು ಇಟ್ಟು ಬಂದ, ಇನ್ನೊಂದು ಎತ್ತಿದ. ಹಾರೆ ಬರಲಿಲ್ಲ. ಗಂಡನೇ ಓಡಿಹೋಗಿ ಗಿರಣಿಯಿಂದ ಕಬ್ಬಿಣದ ಸರಳು ತಂದ. ಡ್ರೈವರು ನೀರು ಕೇಳಿದ. ಕುಡಿಸಿದಳು. "ಅಕ್ಕಾ, ಜೇಬಲ್ಲಿ ಫೋನಿದೆ. ಮನೆಗೊಂದು ಮಾತು ಹೇಳಿ," ಎಂದ. ಅವಳು ಅಂಗಿಯ ಜೇಬು ತಡಕಿದಳು, ಪಕ್ಕದ ಸೀಟು ತಡಕಿದಳು, ಗಾಜಿನ ಚೂರುಗಳ ನಡುವೆ ತಡಕಿದಳು. ಫೋನಿರಲಿಲ್ಲ. ಇವಳು ಹಳ್ಳಕ್ಕೆ ಇಳಿಯುವ ಮುಂಚೆಯೇ ಒಂದು ಕೈ ಆ ಕಿಟಕಿಯಲ್ಲಿ ತೂರಿ ಹೋಗಿತ್ತು. ಡ್ರೈವರಿಗೆ ಅದು ಗೊತ್ತಿರಲಿಲ್ಲ. ಆಂಬುಲೆನ್ಸ್ ಬರುವಷ್ಟರಲ್ಲಿ ಅವನ ಉಸಿರು ನಿಂತಿತ್ತು. ಆಂಬುಲೆನ್ಸು ತಡವಾದದ್ದೂ ಯಾಕೆಂದರೆ, ಗೋಧಿ ತುಂಬಲು ಬಂದವರ ಕೈಗಾಡಿಗಳು ದಾರಿಗೆ ಅಡ್ಡ ನಿಂತಿದ್ದವು.

ಸಂಜೆ ಅವಳು ಮೈ ತೊಳೆದುಕೊಂಡು ಅಡುಗೆಮನೆಗೆ ಬಂದಾಗ ಎಲ್ಲೋ ಫೋನು ಗುಂಯ್ ಎನ್ನುತ್ತಿತ್ತು. ಮನೆಯವರ ಫೋನುಗಳೆಲ್ಲ ಕಣ್ಣೆದುರೇ ಇದ್ದವು. ಸದ್ದು ಅತ್ತೆಯ ಮಂಚದ ಕೆಳಗಿನಿಂದ, ಹೊಸ ಮೂಟೆಗಳ ಹಿಂದಿನಿಂದ ಬರುತ್ತಿತ್ತು. ಎಳೆದು ತೆಗೆದಳು. ಗಾಜು ಬಿರುಕು ಬಿಟ್ಟ ಫೋನಿನ ಮೇಲೆ "ಮನೆ" ಎಂದು ಬಂದಿತ್ತು. ಅತ್ತೆ ಕೈ ಅಡ್ಡ ತಂದಳು.

"ಎತ್ತಬೇಡ್ವೇ. ಪೊಲೀಸರು ಬರ್ತಾರೆ."

ಅವಳು ಎತ್ತಿದಳು. ಆ ಕಡೆಯಿಂದ ಒಬ್ಬ ಹೆಂಗಸು, ಬೇಸರದ ದನಿಯಲ್ಲಿ, "ಎಷ್ಟು ಸಲ ಮಾಡಬೇಕ್ರಿ? ಊಟಕ್ಕೆ ಬರ್ತೀರೋ ಇಲ್ವೋ ಅಷ್ಟು ಹೇಳಿ," ಎಂದಳು. ಗಿರಣಿಯಕ್ಕ ಹೇಳಬೇಕಾದ್ದನ್ನು ಹೇಳಿದಳು. ಹೇಗೆ ಹೇಳಿದಳೋ ಅವಳಿಗೇ ನೆನಪಿಲ್ಲ. ಫೋನು ಕೆಳಗಿಟ್ಟು ತಿರುಗಿದರೆ ಮೈದುನ ಬಾಗಿಲಲ್ಲಿ ನಿಂತಿದ್ದ. "ಸತ್ತವನಿಗೆ ಫೋನ್ ಯಾಕೆ ಅಂತ ತಂದೆ ಅತ್ತಿಗೆ," ಎಂದ.

"ಆಗ ಸತ್ತಿರ್ಲಿಲ್ಲ," ಎಂದಳು. ಕೈ ತೊಳೆಯಲು ಹಿತ್ತಲಿಗೆ ಓಡಿದಳು.

ಮರುದಿನ ಬೆಳಗ್ಗೆ ಗಿರಣಿಯ ಮುಂದೆ ಸಾಲು. ಯಾವತ್ತೂ ಅಷ್ಟು ಉದ್ದದ ಸಾಲು ಇರಲಿಲ್ಲ. ಕ್ಷೌರದವನು, ಇಸ್ತ್ರಿಯವಳು, ಶಾಲೆಯ ಮೇಷ್ಟ್ರ ಹೆಂಡತಿ, ಎಲ್ಲರ ಡಬ್ಬದಲ್ಲೂ ಒಂದೇ ಬಣ್ಣದ ಒಂದೇ ಗೋಧಿ. ಮೊದಲ ಡಬ್ಬಕ್ಕೆ ಕೈಹಾಕಿ ಒಂದು ಹಿಡಿ ಎತ್ತಿದಳು. ಡೀಸೆಲ್ ವಾಸನೆ. ಕಾಳಿನ ನಡುವೆ ಗಾಜಿನ ಹರಳು. ಕೆಲವು ಕಾಳು ಕಂದು ಬಣ್ಣಕ್ಕೆ ತಿರುಗಿ ಒಂದಕ್ಕೊಂದು ಅಂಟಿಕೊಂಡಿದ್ದವು.

"ತೊಳೆದು ಒಣಗಿಸಿ ತಂದಿದೀವಿ ಕಣಕ್ಕ," ಎಂದಳು ಇಸ್ತ್ರಿಯವಳು.

"ಗಿರಣಿ ಕೆಟ್ಟಿದೆ," ಎಂದು ಗಂಡ ಒಳಗಿನಿಂದ ಹೇಳಿದ. ಜಗಳ ತಪ್ಪಿಸಲು ಅವನಿಗೆ ಗೊತ್ತಿದ್ದ ಒಂದೇ ದಾರಿ ಅದು.

"ಗಿರಣಿ ಚೆನ್ನಾಗೇ ಇದೆ," ಎಂದಳು ಅವಳು. "ನಾನು ಬೀಸಲ್ಲ. ಇದರಲ್ಲಿ ಮನುಷ್ಯನ ರಕ್ತ ಇದೆ. ತಿನ್ನೋದಾದ್ರೆ ಹಾಗೇ ಬೇಯಿಸಿಕೊಂಡು ತಿನ್ನಿ. ನನ್ನ ಕಲ್ಲಿಗೆ ಮುಟ್ಟಿಸಬೇಡಿ."

ಮೇಷ್ಟ್ರ ಹೆಂಡತಿ ಡಬ್ಬದ ಮುಚ್ಚಳ ಹಾಕಿಕೊಂಡು, "ಇವರ ಮನೆ ಮಂಚದ ಕೆಳಗೆ ಇರೋದು ಯಾವ ಗೋಧಿಯೋ," ಎಂದು ಎಲ್ಲರಿಗೂ ಕೇಳಿಸುವಂತೆ ಗೊಣಗಿ ಹೊರಟಳು. ಗಿರಣಿಯಕ್ಕ ಒಳಗೆ ಹೋಗಿ ಮಂಚದ ಕೆಳಗಿನ ಮೂಟೆಗಳನ್ನು ಒಂದೊಂದಾಗಿ ಎಳೆದು ತಂದು ಹಳ್ಳಕ್ಕೆ ಸುರಿದಳು. ಅತ್ತೆ ಎದೆ ಬಡಿದುಕೊಂಡಳು. ಅಂದಿನಿಂದ ಅತ್ತೆ ಅವಳ ಕೈಯಡುಗೆ ಮುಟ್ಟಲಿಲ್ಲ. ಬೀದಿಯವರು ಇನ್ನೊಂದು ಬೀದಿಯ ಗಿರಣಿಗೆ ನಡೆದರು.

ಗಿರಾಕಿಗಳಿಲ್ಲದೆ ಬಿಡುವಾಗಿತ್ತು. ಆ ಫೋನನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವಳು ಸಂಚಾರ ಠಾಣೆಗೆ ಹೋದಳು. ಅಲ್ಲಿನ ಇನ್‌ಸ್ಪೆಕ್ಟರ್ ಹೊಸಬ, ಸಣಕಲು ಮನುಷ್ಯ, ಕನ್ನಡಕದ ಕಾಲಿಗೆ ದಾರ ಸುತ್ತಿಕೊಂಡಿದ್ದ. ಅವನ ಮೇಜಿನ ಹಿಂದಿನ ಗೋಡೆಗೆ ಆನಿಸಿ ಲಾರಿಯ ಒಂದು ಹರಿದ ಟಯರು ಇಟ್ಟಿದ್ದ. ರಬ್ಬರು ಸವೆದು ಒಳಗಿನ ತಂತಿ ಈಚೆಗೆ ಬಂದಿತ್ತು. ಬಂದವರೆಲ್ಲ ನೋಡಲಿ ಎಂದೇ ಇಟ್ಟಿದ್ದನಂತೆ. ಅವನು ಫೋನು ಪಡೆದುಕೊಂಡು, ಯಾರು ತಂದದ್ದು ಎಂದು ಕೇಳಿದ. ಅವಳು "ಹಳ್ಳದ ಹತ್ರ ಸಿಕ್ತು" ಎಂದಳು. ಮೈದುನನ ಹೆಸರು ಬಾಯಿಗೆ ಬಂದು ಅಲ್ಲೇ ನಿಂತಿತು.

"ಸಾಹೇಬ್ರೆ, ಗಾಡಿ ಬಿದ್ದ ಮೇಲಿನ ಮಾತು ಇರ್ಲಿ. ಬೀಳದ ಹಾಗೆ ಏನೂ ಮಾಡೋಕಾಗಲ್ವಾ?"

"ಆಗುತ್ತಮ್ಮ. ಎಲ್ಲಾ ಕಾನೂನಲ್ಲೇ ಇದೆ," ಎಂದ ಅವನು. "ಗುಡ್ಡದ ಮೇಲೆ ತಪಾಸಣೆ ಇದೆ. ಅಲ್ಲಿ ಲಾರಿಯ ತೂಕ ನೋಡಬೇಕಾದವನು ಡ್ರೈವರ ಕೈ ನೋಡ್ತಾನೆ. ಬಸ್ಸಿಗೆ ವರ್ಷಕ್ಕೊಮ್ಮೆ ಬ್ರೇಕು ಪರೀಕ್ಷೆ ಆಗಬೇಕು. ಬಸ್ಸು ಆಫೀಸಿನ ಬಾಗಿಲಿಗೂ ಬರಲ್ಲ, ಸರ್ಟಿಫಿಕೇಟು ಮಾತ್ರ ಮನೆಗೆ ಹೋಗುತ್ತೆ. ನಾನು ಒಬ್ಬನನ್ನ ಹಿಡಿದ್ರೆ ಹತ್ತು ಫೋನ್ ಬರ್ತವೆ."

"ಹಾಗಾದ್ರೆ ನೀವು ಇಲ್ಲಿ ಕೂತು ಮಾಡೋದೇನು?"

ಅವನು ಸಿಟ್ಟಾಗಲಿಲ್ಲ. ಒಂದು ಹಾಳೆ ತಿರುಗಿಸಿ ಅದರ ಬೆನ್ನಿಗೆ ಗೆರೆ ಎಳೆದ. ಗುಡ್ಡದ ತುದಿಯಲ್ಲಿ ಸರಪಳಿ ಕಟ್ಟಿದ ಗೇಟು. ಅಲ್ಲಿ ಪ್ರತಿ ಲಾರಿ, ಪ್ರತಿ ಬಸ್ಸು ನಿಲ್ಲಬೇಕು, ಚಕ್ರದ ಬಿಸಿ ಆರಬೇಕು, ಹೊರೆ ಹೆಚ್ಚಿದ್ದರೆ ಅಲ್ಲೇ ಇಳಿಸಬೇಕು, ಮೊದಲ ಗೇರಿನಲ್ಲೇ ಇಳಿಯಬೇಕು. ಅದನ್ನೂ ಮೀರಿ ಬ್ರೇಕು ತಪ್ಪಿದರೆ, ತಿರುವಿನಲ್ಲಿ ನೇರಕ್ಕೆ ಒಂದು ದಪ್ಪ ಮರಳಿನ ದಾರಿ. ಗಾಡಿ ಅದರಲ್ಲಿ ಹೂತು ತಾನೇ ನಿಲ್ಲುತ್ತದೆ. ಪ್ರಸ್ತಾವ ಹಿಂದೆ ಯಾರೋ ಬರೆದದ್ದು, ಧೂಳು ಹಿಡಿದು ಬಿದ್ದಿತ್ತು.

"ಮರಳಿನ ದಾರಿಗೆ ಹಳ್ಳ ಮುಚ್ಚಬೇಕು. ಖಾಲಿ ಜಾಗ ಬೇಕು. ನಿಮ್ಮ ಗಿರಣಿಯ ಮುಂದಿನ ಅರ್ಧವೂ ಹೋಗುತ್ತೆ," ಎಂದ.

ಅವಳು ಗೆರೆಯನ್ನು ನೋಡುತ್ತಾ ಕೂತಳು. "ಹೋಗ್ಲಿ ಬಿಡಿ," ಎಂದಳು. "ಈಗ ಅಲ್ಲಿ ಬೀಸೋದೇನಿದೆ?"

ಇನ್‌ಸ್ಪೆಕ್ಟರ್ ಪ್ರಸ್ತಾವವನ್ನು ಪುರಸಭೆಗೆ ಕಳಿಸಿದ ಮೇಲೆ ಅಲ್ಲಿನ ಸಭಾಂಗಣದಲ್ಲಿ ಬೀದಿಯವರ ಅಭಿಪ್ರಾಯ ಕೇಳಲು ಸಭೆ ಇಟ್ಟರು. ಯಾವ ಸಭೆಗೂ ಬಾರದ ಜನ ಅವತ್ತು ಕುರ್ಚಿ ಸಾಲದಷ್ಟು ಬಂದಿದ್ದರು. ವಾರ್ಡಿನ ಸದಸ್ಯನಿಗೆ ಸಿಮೆಂಟು, ಕಬ್ಬಿಣದ ಅಂಗಡಿಯಿತ್ತು. ಅವನು ಎದ್ದು ನಿಂತು, ಹಳ್ಳ ಮುಚ್ಚಿದರೆ ಪರಿಸರಕ್ಕೆ ಧಕ್ಕೆ ಎಂದ. ಗೇಟು ಹಾಕಿದರೆ ಸರಕು ತಡವಾಗಿ ಊರಿನ ವ್ಯಾಪಾರ ನೆಲ ಕಚ್ಚುತ್ತದೆ ಎಂದ. ಕೊನೆಗೆ ಗಂಟಲು ಸರಿಮಾಡಿಕೊಂಡು, "ನಮ್ಮ ಬೀದಿಯ ಜನ ಇಷ್ಟು ವರ್ಷ ಅಪಘಾತ ಆದಾಗಲೆಲ್ಲ ಹೊತ್ತು ಗೊತ್ತು ನೋಡದೆ ಓಡಿ ಹೋಗಿದ್ದಾರೆ. ಅವರ ಸೇವಾ ಮನೋಭಾವಕ್ಕೆ ಅವಮಾನ ಮಾಡಬಾರದು," ಎಂದ. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟುತ್ತಾ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ.

ಗಿರಣಿಯಕ್ಕ ಎದ್ದಳು. "ನಿಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಇರೋ ಎಣ್ಣೆ ಡಬ್ಬಗಳೂ ಸೇವೆಯೇನಾ?" ಎಂದಳು.

"ಕೂತ್ಕೋ ಅತ್ತಿಗೆ," ಎಂದ ಮೈದುನ ಹಿಂದಿನ ಸಾಲಿನಿಂದ. "ಬೀದಿಯ ಹೊಟ್ಟೆ ಮೇಲೆ ಯಾಕೆ ಹೊಡೀತೀಯ?"

ಅವನು ಬಾಯಿತಪ್ಪಿ ಆಡಿದ ಮಾತು. ಆದರೆ ಅಷ್ಟು ಜನರ ಮನಸ್ಸಿನಲ್ಲಿ ಇದ್ದದ್ದೂ ಅದೇ. ಯಾರೋ ಕಿಸಕ್ಕೆಂದರು. ಆಮೇಲೆ ಸಭೆಗೆ ಸಭೆಯೇ ನಕ್ಕಿತು. ಆ ನಗೆಯಲ್ಲಿ ನಾಚಿಕೆ ಇದ್ದಿದ್ದರೆ ಅವಳಿಗೆ ಅಷ್ಟು ಅಸಹ್ಯವಾಗುತ್ತಿರಲಿಲ್ಲ. ಇನ್‌ಸ್ಪೆಕ್ಟರ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಕೂತಿದ್ದ. ಪ್ರಸ್ತಾವ "ಸೂಕ್ತ ಸಮಯದಲ್ಲಿ ಪರಿಶೀಲಿಸಲಾಗುವುದು" ಎಂಬಲ್ಲಿಗೆ ಬಂದು ನಿಂತಿತು.

ಸೂಕ್ತ ಸಮಯ ಬರುವ ಮುಂಚೆ ಬಸ್ಸು ಬಂತು.

ಬೆಳಗಿನ ಹೊತ್ತು. ಕೆಲಸಕ್ಕೆ ಹೋಗುವವರು, ಶಾಲೆಯ ಹುಡುಗಿಯರು ತುಂಬಿಕೊಂಡು, ಬಾಗಿಲಲ್ಲೂ ಜನ ಜೋತುಬಿದ್ದಿದ್ದ ಖಾಸಗಿ ಬಸ್ಸು. ಗಿರಣಿಯಕ್ಕ ಅಪರೂಪಕ್ಕೆ ಬಂದ ಒಂದು ಡಬ್ಬ ಜೋಳವನ್ನು ಗಿರಣಿಯ ಬಾಯಿಗೆ ಸುರಿಯುತ್ತಿದ್ದಳು. ವಾಸನೆ ಬಂತು. ಹಾರ್ನ್ ಬಿಟ್ಟೂ ಬಿಡದೆ ಕೂಗುವುದು ಕೇಳಿಸಿತು. ಅವಳು ಮೋಟಾರು ಆರಿಸಿ ಹೊರಗೆ ಓಡಿದಳು. ಗಾಡಿ ಬೀಳುವ ಸದ್ದಿಗಿಂತ ಮುಂಚೆ ಬೀದಿಯಲ್ಲಿ ಬಕೆಟ್ಟುಗಳ ಸದ್ದು ಕೇಳಿಸಿತು.

ಜನ ಬಂದರು. ಕೊಡ, ಚೀಲ, ಡ್ರಮ್ಮು, ಪ್ಲಾಸ್ಟಿಕ್ ಹಾಳೆ. ಹಳ್ಳದ ಅಂಚಿಗೆ ಬಂದು, ಧೂಳು ಇಳಿದು, ಮಗ್ಗುಲಾಗಿದ್ದ ಬಸ್ಸಿನ ಕಿಟಕಿಗಳಿಂದ ಕೈಗಳು ಕಂಡಾಗ ಎಲ್ಲರೂ ಇದ್ದಲ್ಲೇ ನಿಂತುಬಿಟ್ಟರು. ಕೈಯಲ್ಲಿ ಹಿಡಿದದ್ದನ್ನು ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಅಷ್ಟರಲ್ಲಿ ಗಿರಣಿಯಕ್ಕನ ಅತ್ತೆ, ಮೊಣಕಾಲು ಹಿಡಿದುಕೊಂಡು ಎಲ್ಲರಿಗಿಂತ ತಡವಾಗಿ ಬಂದವಳು, ಖಾಲಿ ಪಾತ್ರೆಯನ್ನು ಸೊಂಟಕ್ಕೆ ಒತ್ತಿಕೊಂಡು ಕೇಳಿದಳು:

"ಏನು ಲೋಡು?"

"ಬಸ್ಸು, ಅಜ್ಜಿ," ಎಂದರು ಯಾರೋ.

"ಬರೀ ಬಸ್ಸಾ?"

ಅಷ್ಟು ವರ್ಷ ಒಂದೇ ಸೂರಿನಡಿ ಇದ್ದ ಮುದುಕಿಯನ್ನು ಗಿರಣಿಯಕ್ಕ ತಿರುಗಿ ನೋಡಿದಳು. ನೋಡಿ, ಹಳ್ಳಕ್ಕೆ ಇಳಿದಳು.

ಎಲ್ಲರೂ ಕಲ್ಲಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಕ್ಷೌರದವನು ತಾನು ತಂದಿದ್ದ ಡ್ರಮ್ಮಿನಿಂದಲೇ ಹಿಂದಿನ ಗಾಜು ಒಡೆದು ಒಳಗೆ ನುಗ್ಗಿದ. ಒಬ್ಬೊಬ್ಬರನ್ನೇ ಎತ್ತಿ ಹೊರಗೆ ಕೊಟ್ಟ. ಇಸ್ತ್ರಿಯವಳು ಗಿರಾಕಿಗಳ ಮಡಿಸಿಟ್ಟ ಬಟ್ಟೆಯನ್ನೆಲ್ಲ ತಂದು ಗಾಯಕ್ಕೆ ಕಟ್ಟಲು ಹರಿದಳು. ಗಂಡ ಶಾಲೆಯ ಹುಡುಗಿಯೊಬ್ಬಳನ್ನು ಎದೆಗೆ ಒತ್ತಿಕೊಂಡು ದಾರಿಯುದ್ದಕ್ಕೂ "ಆಯ್ತು ಮಗಾ, ಆಯ್ತು" ಎನ್ನುತ್ತಾ ಓಡಿದ. ಅವನ ಬಾಯಲ್ಲಿ ಅಷ್ಟು ಮಾತು ಒಟ್ಟಿಗೆ ಬಂದದ್ದನ್ನು ಅವಳು ಕೇಳಿರಲಿಲ್ಲ.

ಆದರೆ ಮೊದಲಿಗ ಮೊದಲಿಗನೇ. ದಡದಲ್ಲಿ ಮಲಗಿಸಿದ್ದವರ ನಡುವೆ ಅವನು ಕುಕ್ಕರುಗಾಲಲ್ಲಿ ಕೂತಿದ್ದ. ಹಣೆ ಒಡೆದ ಒಬ್ಬ ಹೆಂಗಸಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೇವರಿಸುತ್ತಿದ್ದ. "ಭಯ ಪಡಬೇಡಿ ಅಮ್ಮ, ಗಾಡಿ ಬರ್ತಾ ಇದೆ, ಏನೂ ಆಗಿಲ್ಲ," ಎನ್ನುತ್ತಿದ್ದ. ತಾಯಿಗೆ ಹೇಳಿದಷ್ಟು ಮೆತ್ತಗೆ. ಗಿರಣಿಯಕ್ಕನಿಗೆ ಒಂದು ಗಳಿಗೆ ಮನಸ್ಸು ಕರಗಿತು. ಹತ್ತಿರ ಹೋದಾಗ ಕಂಡಿತು. ನೇವರಿಸುವ ಕೈಯ ಹೆಬ್ಬೆರಳು ಆ ಹೆಂಗಸಿನ ಕೈಗಡಿಯಾರದ ಪಟ್ಟಿ ಬಿಚ್ಚುತ್ತಿತ್ತು. ಬಿಚ್ಚಿತು. ಗಡಿಯಾರ ಅವನ ಜೇಬು ಸೇರಿತು. ನೇವರಿಸುವುದು ಮಾತ್ರ ನಿಲ್ಲಲಿಲ್ಲ. ಆ ಹೆಂಗಸು ಕೃತಜ್ಞತೆಯಿಂದ ಅವನನ್ನೇ ನೋಡುತ್ತಿದ್ದಳು.

ಮೂವರು ಸತ್ತರು. ಆ ಹೆಂಗಸು ಅವರಲ್ಲಿ ಒಬ್ಬಳು.

ಬಸ್ಸಿನ ಡ್ರೈವರು ಎರಡು ದಿನದಿಂದ ಕಣ್ಣು ಮುಚ್ಚಿರಲಿಲ್ಲ, ಬೇರೆ ಡ್ರೈವರು ಸಿಗಲಿಲ್ಲ ಎಂದು ಮಾಲೀಕ ಅವನನ್ನೇ ಮತ್ತೆ ಕಳಿಸಿದ್ದ ಎಂಬುದು ವಿಚಾರಣೆಯಲ್ಲಿ ಹೊರಬಿತ್ತು. ಬ್ರೇಕು ಸರಿಯಿದೆ ಎಂಬ ಸರ್ಟಿಫಿಕೇಟು ಹೊಸದಾಗಿಯೇ ಇತ್ತು, ಬ್ರೇಕು ಮಾತ್ರ ಹಳೆಯದು. ಮಾಲೀಕ ಟಿವಿಯವರ ಮುಂದೆ, ತನಗೆ ಬಹಳ ನೋವಾಗಿದೆ ಎಂದ. ವಾರ್ಡಿನ ಸದಸ್ಯ ಸತ್ತವರ ಫೋಟೋಗಳ ಮುಂದೆ ನಿಂತು, ಗೇಟು ಹಾಕಿ ಎಂದು ನಾನು ಎಷ್ಟು ಸಲ ಬಡಿದುಕೊಂಡೆ ಎಂದ. ಗಿರಣಿಯಕ್ಕ ಟಿವಿ ಆರಿಸಿದಳು. ಮನೆಯಲ್ಲಿ ಕೂರಲಾಗದೆ ಠಾಣೆಗೆ ಹೊರಟಳು. ಗಂಡ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಬಂದ.

ಇನ್‌ಸ್ಪೆಕ್ಟರ ಮುಂದೆ ಅವಳು ಮೈದುನನ ಹೆಸರು ಹೇಳಿದಳು. ಗಡಿಯಾರದ ವಿಷಯ ಹೇಳಿದಳು. ಪ್ರಯಾಣಿಕರ ಚೀಲಗಳನ್ನು ಎತ್ತಿಕೊಂಡು ಹೋದ ಇನ್ನಿಬ್ಬರ ಹೆಸರೂ ಹೇಳಿದಳು. ಹೇಳಿ ಮುಗಿಸಿದ ಮೇಲೆ ಗೋಡೆಗೆ ಒರಗಿ ನಿಂತಿದ್ದ ಗಂಡ ಒಂದು ಹೆಜ್ಜೆ ಮುಂದೆ ಬಂದು, "ಅವತ್ತಿನ ಫೋನೂ ಅವನದೇ ಕೆಲಸ. ಕಿಟಕಿಯಲ್ಲಿ ಕೈ ಹಾಕಿದ್ದನ್ನ ಗಿರಣಿ ಬಾಗಿಲಿಂದ ನಾನು ನೋಡಿದ್ದೆ," ಎಂದ.

ಅವಳು ಗಂಡನ ಕಡೆ ತಿರುಗಿದಳು. ಆ ಡ್ರೈವರು ಕೇಳಿದಾಗ, ಅವಳು ಗಾಜಿನ ನಡುವೆ ಕೈ ಕುಯ್ದುಕೊಳ್ಳುತ್ತಾ ಹುಡುಕುತ್ತಿದ್ದಾಗ, ಇವನು ಪಕ್ಕದಲ್ಲೇ ಸರಳು ಹಿಡಿದು ನಿಂತಿದ್ದ. ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ.

ದಾರಿಯಲ್ಲಿ ಕೇಳಿದಳು: "ಯಾಕೆ ಹೇಳ್ಲಿಲ್ಲ?"

"ತಮ್ಮ ಅಲ್ವಾ," ಎಂದ.

"ಸತ್ತವನಿಗೂ ಯಾರೋ ಅಣ್ಣ ಇರ್ತಾನೆ," ಎಂದಳು. ಅವನ ಮೇಲೂ ಹೇಸಿಗೆ ಹುಟ್ಟಿತ್ತು. ಆದರೂ ಆ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದು ಹೇಳಿದನಲ್ಲ ಎಂಬುದನ್ನು ಅವಳು ಮರೆಯಲೂ ಇಲ್ಲ. ಎರಡೂ ಒಟ್ಟಿಗೆ ಅವಳೊಳಗೆ ಉಳಿದವು.

ಸತ್ತವರಲ್ಲಿ ಶಾಲೆಯ ಹುಡುಗಿಯೊಬ್ಬಳಿದ್ದದ್ದರಿಂದ ಈ ಸಲ ಪ್ರಸ್ತಾವ ಕಪಾಟಿಗೆ ಹೋಗಲಿಲ್ಲ. ಗುಡ್ಡದ ತುದಿಯಲ್ಲಿ ಸರಪಳಿಯ ಗೇಟು ಬಂತು, ತೂಕದ ಹಲಗೆ ಬಂತು. ಹಳ್ಳ ಮುಚ್ಚಿ ಮರಳು ಸುರಿದರು. ಗಿರಣಿಯ ಮುಂಭಾಗ ಕೆಡವಿದರು. ಗಂಡ ಮೋಟಾರನ್ನೂ ಕಲ್ಲನ್ನೂ ಮನೆಯ ಹೊರಕೋಣೆಗೆ ಸಾಗಿಸಿ ಕೂರಿಸಿದ. ಮಲಗುವ ಹಾಸಿಗೆಯವರೆಗೆ ಹಿಟ್ಟು ಹಾರುತ್ತಿತ್ತು. ಗಿರಾಕಿಗಳು ಒಬ್ಬೊಬ್ಬರಾಗಿ ವಾಪಸು ಬಂದರು. ಏನೂ ನಡೆದೇ ಇಲ್ಲವೆಂಬಂತೆ ಡಬ್ಬ ಇಟ್ಟು, "ನಮ್ಮ ಬೀದಿಗೆ ಮರಳಿನ ದಾರಿ ಬಂದದ್ದು ಒಳ್ಳೇದಾಯ್ತು ನೋಡಕ್ಕ," ಎನ್ನುತ್ತಿದ್ದರು. ಅವಳು ಡಬ್ಬದೊಳಗೆ ನೋಡಿ ಬೀಸಿಕೊಡುತ್ತಿದ್ದಳು. ಹೇಸಿಗೆ ಹೋಗಿರಲಿಲ್ಲ. ಕೆಲಸ ಮಾಡದೆ ಇರಲೂ ಆಗುತ್ತಿರಲಿಲ್ಲ.

ಮೈದುನ ಕೆಲವು ದಿನ ಒಳಗಿದ್ದು ಜಾಮೀನಿನ ಮೇಲೆ ಹೊರಬಂದ. ಅತ್ತೆ ಅವನಿಗೆ ಬೇರೆ ಒಲೆ ಹೂಡಿದಳು. ಒಂದು ದಿನ ಅವನು ಹೊಸ ಖಾಕಿ ಅಂಗಿ ತೊಟ್ಟು, ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡು ಹೊರಟದ್ದನ್ನು ಕಂಡು ಗಿರಣಿಯಕ್ಕ ಗಂಡನನ್ನು ಕೇಳಿದಳು. ಗಂಡ ನೆಲ ನೋಡುತ್ತಾ ಹೇಳಿದ. ಗೇಟಿನಲ್ಲಿ ಸರಪಳಿ ಎಳೆಯುವ ಕೆಲಸವನ್ನು ಪುರಸಭೆ ಗುತ್ತಿಗೆಗೆ ಕೊಟ್ಟಿತ್ತು. ಗುತ್ತಿಗೆ ವಾರ್ಡಿನ ಸದಸ್ಯನ ಭಾವನಿಗೆ ಸಿಕ್ಕಿತ್ತು. ಭಾವ ಮೊದಲಿಗನನ್ನು ಇಟ್ಟುಕೊಂಡಿದ್ದ.

ಅವಳು ಗಿರಣಿ ನಿಲ್ಲಿಸಿದಳು. ಕೈ ತೊಳೆದಳು. ಬಿಸಿಲಿನಲ್ಲಿ ಇಳಿಜಾರನ್ನು ಕಾಲ್ನಡಿಗೆಯಲ್ಲೇ ಹತ್ತಿದಳು.

ಮೇಲೆ ಲಾರಿಗಳು ಸಾಲಾಗಿ ನಿಂತಿದ್ದವು. ಡ್ರೈವರುಗಳು ಟಯರಿನ ನೆರಳಿನಲ್ಲಿ ಕೂತು ಬಿಸಿ ಆರಲು ಕಾಯುತ್ತಿದ್ದರು. ಅವರನ್ನೆಲ್ಲ ದಾಟಿಕೊಂಡು ಇಟ್ಟಿಗೆ ಹೇರಿದ ಒಂದು ಲಾರಿ ಮುಂದೆ ಬಂತು. ಚಕ್ರಗಳಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಡ್ರೈವರು ಕಿಟಕಿಯಿಂದ ಒಂದು ಪೊಟ್ಟಣ ಚಾಚಿದ. ಮೈದುನ ಅದನ್ನು ಸೀಟಿಯ ಪಕ್ಕ ಅಂಗಿಯೊಳಗೆ ತುರುಕಿಕೊಂಡು ಸರಪಳಿ ಕೆಳಗೆ ಬಿಟ್ಟ.

ಗಿರಣಿಯಕ್ಕ ಬಂದು ಸರಪಳಿಯ ತುದಿ ಅವನ ಕೈಯಿಂದ ಕಿತ್ತುಕೊಂಡು ಮತ್ತೆ ಕೊಂಡಿಗೆ ಸಿಕ್ಕಿಸಿದಳು.

"ಒಂದೇ ಒಂದು ಗಾಡಿ ಅತ್ತಿಗೆ. ಗುರುತಿನವನು," ಎಂದ.

"ಕೆಳಗೆ ಇರೋರೂ ಗುರುತಿನವರೇ ಕಣೋ. ನಿನ್ನಮ್ಮನೂ ಅಲ್ಲೇ ಇದಾಳೆ."

"ಊರಿಗೆಲ್ಲ ಇಲ್ಲದ ಉಸಾಬರಿ ನಿನಗ್ಯಾಕೆ?"

ಅವಳು ಸರಪಳಿ ಕಟ್ಟಿದ ಕಂಬದ ಕಟ್ಟೆಯ ಮೇಲೆ ಕೂತುಬಿಟ್ಟಳು. ಇಟ್ಟಿಗೆ ಲಾರಿಯವನು ಹಾರ್ನ್ ಒತ್ತಿದ, ಬಾಯಿಗೆ ಬಂದದ್ದು ಬೈದ. ನೆರಳಿನಲ್ಲಿ ಕಾದಿದ್ದ ಡ್ರೈವರುಗಳಿಗೆ ಈಗ ಸಿಟ್ಟು ಬಂತು. "ನಾವೇನು ಕತ್ತೆ ಕಾಯೋಕೆ ಕೂತಿದೀವಾ?" ಎಂದು ಒಬ್ಬ ಎದ್ದ. ಇನ್ನೊಬ್ಬ ಠಾಣೆಗೆ ಫೋನು ಮಾಡಿದ. ಇನ್‌ಸ್ಪೆಕ್ಟರ್ ಬಂದು, ಅಂಗಿಯೊಳಗಿನ ಪೊಟ್ಟಣ ತೆಗೆಸಿ, ಸೀಟಿ ಬಿಚ್ಚಿಸಿಕೊಂಡು ಮೈದುನನನ್ನು ಮನೆಗೆ ಕಳಿಸಿದ. ಹೋಗುವಾಗ ಮೈದುನ ಅತ್ತಿಗೆಯ ಕಾಲ ಬುಡಕ್ಕೆ ಉಗುಳಿ ಹೋದ.

"ನಾಳೆ ಬೇರೆಯವನನ್ನ ಕಳಿಸೋಕೆ ಗುತ್ತಿಗೆಯವನಿಗೆ ಹೇಳ್ತೀನಿ," ಎಂದ ಇನ್‌ಸ್ಪೆಕ್ಟರ್. "ಅವನೂ ಹೀಗೇ ಆದ್ರೆ?"

"ಹತ್ತಿ ಬರ್ತೀನಿ."

"ನನಗೆ ವರ್ಗ ಆಗೋ ಹಾಗಿದೆ ಅಮ್ಮ."

"ನನಗೆ ಆಗಲ್ಲವಲ್ಲ," ಎಂದಳು ಅವಳು.

ಇಟ್ಟಿಗೆ ಲಾರಿಯ ಅರ್ಧ ಹೊರೆ ಅಲ್ಲೇ ಇಳಿಸಿದರು. ಚಕ್ರ ಆರಿದ ಮೇಲೆ ಅದು ಮೊದಲ ಗೇರಿನಲ್ಲಿ ಗುರುಗುಟ್ಟುತ್ತಾ ಮನುಷ್ಯರ ನಡಿಗೆಯ ವೇಗದಲ್ಲಿ ಇಳಿಯತೊಡಗಿತು. ಗಿರಣಿಯಕ್ಕ ಬಟ್ಟೆಯಲ್ಲಿ ಮೂಗು ಮುಚ್ಚಿಕೊಂಡು ಅದರ ಪಕ್ಕದಲ್ಲೇ ನಡೆದಳು. ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ, ಹೆಂಗಸರಿಗೆ ಮನೆಯಲ್ಲಿ ಕೆಲಸ ಇಲ್ಲವೇ, ನಿನ್ನಿಂದ ನನ್ನ ಇವತ್ತಿನ ಬಾಡಿಗೆ ಹಾಳಾಯಿತು ಎಂದು ಬೈಯುತ್ತಿದ್ದ. ಅವಳೂ ಬಿಡಲಿಲ್ಲ. ಮೂಗಿನ ಬಟ್ಟೆ ಸರಿಸಿ, ನಿನ್ನ ಹೊಗೆ ನೋಡು, ನಿನ್ನ ಹಲ್ಲು ನೋಡು, ಸ್ನಾನ ಮಾಡಿ ಎಷ್ಟು ದಿನ ಆಯ್ತು ಎಂದು ತಿರುಗಿ ಬೈದಳು. ಇಳಿಜಾರು ಉದ್ದ, ಲಾರಿ ನಿಧಾನ. ತಿರುವು ಬರುವವರೆಗೂ ಇಬ್ಬರ ಬೈಗುಳವೂ ಮುಗಿಯಲಿಲ್ಲ.